ಕನ್ನಡಿಯಲ್ಲಿ ಕಾಣದ ಕೊನೆಯ ಸಾಲು

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಯ ಓದುಗರ ವಿಭಾಗದಲ್ಲಿ ಒಬ್ಬರ ಪತ್ರ ಓದಿದೆ. ಚರ್ಚುಗಳಲ್ಲಿ ಮುಂದಿನ ಸಾಲುಗಳು ಖಾಲಿ ಇರುತ್ತವೆ, ಬಂದವರೂ ಹಿಂದೆ ಬಾಗಿಲ ಹತ್ತಿರ ಕೂತು ಆಶೀರ್ವಾದಕ್ಕೆ ಮೊದಲೇ ಎದ್ದು ಹೋಗುತ್ತಾರೆ ಅಂತ ಅವರ ಬೇಸರ. ದೇವರಿಗೆ ಹತ್ತಿರ ಆಗಬೇಕು ಅನ್ನುವವರು ಮುಂದೆ ಬಂದು ಕೂರಲಿ ಅಂತ ಪತ್ರ ಮುಗಿಸಿದ್ದರು. ಅವರ ಕಳಕಳಿ ನನಗೆ ಅರ್ಥವಾಗುತ್ತದೆ. ಆದರೆ ಆ ಕೊನೆಯ ಮಾತು ಮೂರು ದಿನ ನನ್ನ ತಲೆಯಿಂದ ಹೋಗಲಿಲ್ಲ. ಮುಂದೆ ಕೂರುವ ವಿಷಯದಲ್ಲಿ ನನಗೆ ಸ್ವಲ್ಪ ಜಾಸ್ತಿಯೇ ಅನುಭವ ಇದೆ. 34 ವರ್ಷ ನಾನು ಮೊದಲ ಸಾಲಿಗಿಂತಲೂ ಮುಂದೆ ಕೂತವಳು.

ನಾನು ಚರ್ಚಿನಲ್ಲಿ ಆರ್ಗನ್ ನುಡಿಸುತ್ತೇನೆ. ಈಗ ನನಗೆ 61 ವರ್ಷ. ಆರ್ಗನ್ ಇರುವುದು ಪ್ರಭುಭೋಜನದ, ಅಂದರೆ ರೊಟ್ಟಿ ದ್ರಾಕ್ಷಾರಸ ಹಂಚುವ ಆಚರಣೆಯ, ಮೇಜಿನ ಪಕ್ಕದಲ್ಲಿ. ನನ್ನ ಬೆಂಚಿನಿಂದ ಕೈ ಚಾಚಿದರೆ ಮೇಜಿನ ಮೇಲಿನ ಬಿಳಿ ಬಟ್ಟೆಯ ಅಂಚು ಸಿಗುತ್ತದೆ. ನುಡಿಸುವಾಗ ಪಾಸ್ಟರಿಗೂ ಸಭೆಗೂ ಬೆನ್ನು ಹಾಕಿರುತ್ತೇನೆ. ಅದಕ್ಕೇ ಹಾಡಿನ ಪುಸ್ತಕ ಇಡುವ ಸ್ಟ್ಯಾಂಡಿನ ಮೇಲೆ ಅಂಗೈ ಅಗಲದ ಒಂದು ಕನ್ನಡಿ ಸಿಕ್ಕಿಸಿದ್ದಾರೆ. ಅದರಲ್ಲಿ ಪಾಸ್ಟರ್ ಕಾಣುತ್ತಾರೆ. ಅವರು ಕನ್ನಡಕ ತೆಗೆದರೆ ಪ್ರಸಂಗ ಇನ್ನು ಎರಡು ನಿಮಿಷ ಅಂತ ಅರ್ಥ. ಬೈಬಲ್ ಮುಚ್ಚಿದರೆ ನಾನು ಕಾಲನ್ನು ಪೆಡಲ್ ಮೇಲೆ ಇಡಬೇಕು. ಗಲ್ಲ ಸ್ವಲ್ಪ ಎತ್ತಿದರೆ ಶುರು. ಇಷ್ಟು ವರ್ಷದಲ್ಲಿ ಮೂವರು ಪಾಸ್ಟರುಗಳು ಬಂದು ಹೋದರು. ಮೂವರ ಗಲ್ಲವೂ ನನಗೆ ಬಾಯಿಪಾಠ.

ಇನ್ನೊಂದು ವಿಷಯ ಆರ್ಗನ್ ನುಡಿಸುವವರಿಗೆ ಮಾತ್ರ ಗೊತ್ತಿರುತ್ತದೆ. ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡುವಾಗ ನಮ್ಮ ಕಣ್ಣು ತೆರೆದಿರುತ್ತದೆ. ಮುಂದಿನ ಹಾಡಿನ ಪುಟ ತಿರುಗಿಸಬೇಕು, ಸದ್ದಾಗಬಾರದು. ಸ್ಟಾಪ್‌ಗಳನ್ನು ಎಳೆದು ಸ್ವರದ ಬಣ್ಣ ಬದಲಾಯಿಸಬೇಕು, ಅದರಲ್ಲೂ ಸದ್ದಾಗಬಾರದು. "ಆಮೆನ್" ಅನ್ನುವಷ್ಟರಲ್ಲಿ ಬೆರಳುಗಳು ಜಾಗದಲ್ಲಿ ಇರಬೇಕು. ವರ್ಷಕ್ಕೆ 52 ಭಾನುವಾರದಂತೆ ಲೆಕ್ಕ ಹಾಕಿದರೆ 34 ವರ್ಷಕ್ಕೆ 1,768 ಆಗುತ್ತದೆ. ಜ್ವರ, ಮದುವೆ, ಹೆರಿಗೆ ಅಂತ ಬಿಟ್ಟದ್ದನ್ನು ಕಳೆದರೂ ಸಾವಿರದ ಆರುನೂರು ಆರಾಧನೆಗಳಲ್ಲಿ ನಾನು ಇದ್ದೆ. ಅಷ್ಟರಲ್ಲಿ ಎಷ್ಟು ಸಲ ಪ್ರಾರ್ಥನೆ ಮಾಡಿದ್ದೇನೆ ಅಂತ ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ಮೊನ್ನೆ ಮೊನ್ನೆ ಮೆಟ್ಟಿಲು ಇಳಿಯುವಾಗ ಕಾಲು ಜಾರಿತು. ಬಲ ಮುಂಗೈ ಮೂಳೆ ಮುರಿಯಿತು. ಆರು ವಾರ ಪ್ಲಾಸ್ಟರ್, ಬೆರಳು ಬಗ್ಗುವುದಕ್ಕೆ ಇನ್ನೂ ಮೂರು ವಾರ. ಒಂಬತ್ತು ಭಾನುವಾರ ನಾನು ಬೆಂಚು ಬಿಟ್ಟು ಬೇರೆ ಕಡೆ ಕೂರಬೇಕಾಯಿತು. ಮುಂದಿನ ಸಾಲಿನಲ್ಲಿ ಕೂತರೆ "ಕೈ ಏನಾಯ್ತು" ಅಂತ ಎಲ್ಲರಿಗೂ ಹೇಳಬೇಕು. ಅದಕ್ಕೆ ಕೊನೆಯ ಸಾಲಿನ ತುದಿಗೆ ಹೋಗಿ ಕೂತೆ. ಪತ್ರ ಬರೆದ ಮಹನೀಯರಿಗೆ ಬೇಸರ ತರಿಸುವಂಥ ಜಾಗ ಅದೇ.

ಮೊದಲ ಭಾನುವಾರ ನಾನು ಮಾಡಿದ್ದೇನು ಗೊತ್ತಾ? ತಪ್ಪುಗಳನ್ನು ಎಣಿಸಿದೆ. ನನ್ನ ಬದಲಿಗೆ ನುಡಿಸಿದವನು ಸಂಡೇ ಸ್ಕೂಲಿನಲ್ಲಿ ನನ್ನ ಕೈಯಲ್ಲೇ ಕಲಿತ ಹುಡುಗ. ಅವನು ಒಟ್ಟು 11 ಕಡೆ ತಪ್ಪಿದ. ಎರಡನೇ ಹಾಡಿನ ಮೂರನೇ ಚರಣದಲ್ಲಿ ಒಂದು ಇಡೀ ಸಾಲನ್ನೇ ನುಂಗಿದ. ಜನ ಹಾಡುತ್ತಾ ಹೋದರು, ಅವನು ಓಡಿ ಬಂದು ಸೇರಿಕೊಂಡ. ಮುಂದಿನ ಭಾನುವಾರ ನಾಲ್ಕೇ ತಪ್ಪು. ಮನೆಗೆ ಹೋಗುವ ದಾರಿಯಲ್ಲಿ ನನಗೆ ಸ್ವಲ್ಪ ಬೇಜಾರಾಗಿದ್ದು ನಿಜ. ತಪ್ಪು ಕಡಿಮೆಯಾಯಿತಲ್ಲ ಅಂತ! ಆಮೇಲೆ ಯೋಚಿಸಿದೆ. ಹನ್ನೊಂದು, ನಾಲ್ಕು ಅಂತ ಲೆಕ್ಕ ಇದೆ. ಆವತ್ತು ಯಾವ ವಾಕ್ಯ ಓದಿದರು? ನೆನಪಿಲ್ಲ.

ಮೂರನೇ ಭಾನುವಾರ ಒಂದು ದನಿ ಕಿವಿಗೆ ಬಿತ್ತು. ಅದು ನನಗೆ ಹಳೆಯ ಪರಿಚಯ. ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಹೇಳುವಾಗ ಇಡೀ ಸಭೆಯ ಹಿಂದೆ ಅರ್ಧ ಸಾಲು ತಡವಾಗಿ ಒಂದು ದನಿ ಎಳೆದುಕೊಂಡು ಬರುತ್ತಿತ್ತು. ವರ್ಷಗಟ್ಟಲೆ ಅದನ್ನು ಬೆಂಚಿನ ಮೇಲಿಂದ ಕೇಳಿದ್ದೆ. ಎಲ್ಲರ "ಆಮೆನ್" ಮುಗಿದ ಮೇಲೆ ಅದರ "ಆಮೆನ್" ಬರುತ್ತಿತ್ತು, ಸರಿಯಾಗಿ ನಾನು ಮೊದಲ ಸ್ವರ ಒತ್ತುವ ಹೊತ್ತಿಗೆ. ಒಮ್ಮೆ ಪಾಸ್ಟರ್ ಹತ್ತಿರ ದೂರನ್ನೂ ಹೇಳಿದ್ದೆ, "ಯಾರೋ ಹಿಂದೆ ಬೀಳ್ತಾರೆ, ಎಲ್ಲರ ಜೊತೆ ಹೇಳೋಕೆ ಹೇಳಿ" ಅಂತ. ಈಗ ಆ ದನಿ ನನ್ನ ಪಕ್ಕದಲ್ಲೇ ಇತ್ತು. ವಯಸ್ಸಾದವರು, ಎಂಬತ್ತರ ಹತ್ತಿರ. ಬಲಗೈ ಸ್ವಲ್ಪ ನಡುಗುತ್ತದೆ. "ಪರಲೋಕದಲ್ಲಿರುವ ನಮ್ಮ ತಂದೆಯೇ" ಅಂತ ಎಲ್ಲರ ಜೊತೆಗೇ ಶುರು ಮಾಡುತ್ತಾರೆ. ಅನುದಿನದ ಆಹಾರದವರೆಗೂ ಜೊತೆಗೇ ಇರುತ್ತಾರೆ. "ನಮಗೆ ತಪ್ಪು ಮಾಡಿದವರನ್ನು" ಅನ್ನುವಲ್ಲಿ ನಿಂತುಬಿಡುತ್ತಾರೆ. ಒಂದು ಉಸಿರು. ಎರಡು ಉಸಿರು. ಸಭೆ ಮುಂದೆ ಹೋಗಿರುತ್ತದೆ. ಆಮೇಲೆ ಮೆಲ್ಲಗೆ "ನಾವು ಕ್ಷಮಿಸಿದಂತೆ" ಅಂತ ಸೇರಿಸುತ್ತಾರೆ.

ನಾಲ್ಕನೇ ಭಾನುವಾರವೂ ಹಾಗೇ. ಐದನೇ ಭಾನುವಾರ ತಡೆಯಲಾಗದೆ ಕೇಳಿದೆ, ಅಲ್ಲಿ ಯಾಕೆ ನಿಲ್ಲುತ್ತೀರಿ ಅಂತ. "ಅಲ್ಲಿ ಸುಮ್ನೆ ಹೇಳ್ಕೊಂಡು ಹೋಗೋಕೆ ಆಗಲ್ಲಮ್ಮ. ಒಂದು ಹೆಸರು ಬರುತ್ತೆ. ಅದನ್ನ ದಾಟಿ ಹೋಗ್ಬೇಕಲ್ಲ" ಅಂದರು. ಯಾರ ಹೆಸರು ಅಂತ ನಾನು ಕೇಳಲಿಲ್ಲ.

ಸಂಪಾದಕರೇ, ಬೈಬಲಿನಲ್ಲಿ ಪ್ರವಾದಿ ಯೆಶಾಯನ 29ನೇ ಅಧ್ಯಾಯದಲ್ಲಿ ದೇವರ ಒಂದು ದೂರು ಇದೆ. ಈ ಜನ ಬಾಯಿಂದ ನನ್ನ ಹತ್ತಿರ ಬರುತ್ತಾರೆ, ತುಟಿಯಿಂದ ಗೌರವಿಸುತ್ತಾರೆ, ಮನಸ್ಸನ್ನು ಮಾತ್ರ ದೂರ ಇಟ್ಟುಕೊಂಡಿದ್ದಾರೆ ಅಂತ. ಊಟಕ್ಕೆ ಮೊದಲು ಕೈ ತೊಳೆಯುವ ಸಂಪ್ರದಾಯದ ಬಗ್ಗೆ ಕಟ್ಟಳೆಗಳಲ್ಲಿ ಕಟ್ಟುನಿಟ್ಟಾದ ಫರಿಸಾಯರು ತಕರಾರು ತೆಗೆದಾಗ ಯೇಸು ಇದೇ ಮಾತನ್ನು ಅವರ ಮುಂದೆ ಇಟ್ಟರು. ಈ ವಾಕ್ಯವನ್ನು ನಾನು ನೂರು ಸಲ ಕೇಳಿದ್ದೇನೆ. ಪ್ರತಿ ಸಲವೂ ಯಾರೋ ಒಬ್ಬರ ಮುಖ ನೆನಪಾಗಿ, ಅವರಿಗೆ ಸರಿಯಾಗಿ ಬಿತ್ತು ಅಂದುಕೊಂಡಿದ್ದೇನೆ. ಹತ್ತಿರ ಬರುವವರಿಗೇ ಹೇಳಿದ ಮಾತು ಅದು ಅನ್ನುವುದು ನನಗೆ ಹೊಳೆದಿರಲಿಲ್ಲ. ಚರ್ಚಿನ ಕಡೆ ತಲೆ ಹಾಕದವರ ಬಗ್ಗೆ ಅಲ್ಲಿ ಒಂದು ಅಕ್ಷರವೂ ಇಲ್ಲ.

ಇದರ ಪಕ್ಕದಲ್ಲಿ ಹನ್ನಳನ್ನು ಇಟ್ಟು ನೋಡಿ. ಮಕ್ಕಳಿಲ್ಲದ ಆಕೆ ಶೀಲೋವಿನ ಆಲಯಕ್ಕೆ ಬಂದು ಅತ್ತುಕೊಂಡು ಪ್ರಾರ್ಥಿಸುತ್ತಾಳೆ. ತುಟಿ ಅಲ್ಲಾಡುತ್ತದೆ, ಸದ್ದೇ ಇಲ್ಲ. ಯಾಜಕ ಏಲಿ ಬಾಗಿಲ ಕಂಬದ ಹತ್ತಿರ ಆಸನದಲ್ಲಿ ಕೂತಿದ್ದಾನೆ. ಆಲಯದಲ್ಲೇ ಬಾಳಿದವನು, ಆಕೆಯ ಬಾಯಿಯನ್ನೇ ನೋಡುತ್ತಿದ್ದಾನೆ. ನೋಡಿ ಏನು ತೀರ್ಮಾನ ಮಾಡಿದ? ಕುಡಿದಿದ್ದಾಳೆ ಅಂತ. "ಅಮಲು ಇಳಿಸಿಕೋ" ಅಂತ ಗದರುತ್ತಾನೆ. ಪ್ರಾರ್ಥನೆಯನ್ನೇ ಉದ್ಯೋಗ ಮಾಡಿಕೊಂಡವನಿಗೆ ಕಣ್ಣೆದುರಿನ ಪ್ರಾರ್ಥನೆ ಗುರುತು ಸಿಗಲಿಲ್ಲ. ಹಿಂದಿನಿಂದ ಬರುವ ದನಿಯ ಮೇಲೆ ದೂರು ಹೇಳಿದ ನನಗೂ ಏಲಿಗೂ ಜಾಸ್ತಿ ವ್ಯತ್ಯಾಸ ಇಲ್ಲ. ಏಲಿಯ ಪರವಾಗಿ ಒಂದು ಮಾತು ಹೇಳಬೇಕು: ಆಕೆ ವಿವರಿಸಿದ ತಕ್ಷಣ ಅವನು ತಿದ್ದಿಕೊಂಡ, ಸಮಾಧಾನದಿಂದ ಹೋಗು ಅಂದ. ನನಗೆ ಅಷ್ಟಕ್ಕೆ ಕೈ ಮುರಿಯಬೇಕಾಯಿತು.

ಮಾರ್ಕನ 5ನೇ ಅಧ್ಯಾಯದ ಗುಂಪು ನಿಮಗೆ ನೆನಪಿರಬಹುದು. ಯಾಯೀರನ ಮಗಳನ್ನು ನೋಡಲು ಯೇಸು ಹೊರಟಿದ್ದಾರೆ. ಜನ ಸುತ್ತ ಮುತ್ತಿಕೊಂಡು ಮೈಮೇಲೆ ಬೀಳುತ್ತಿದ್ದಾರೆ. ನಡುವೆ ಅವರು ನಿಂತು "ನನ್ನ ಬಟ್ಟೆ ಮುಟ್ಟಿದವರು ಯಾರು?" ಅಂತ ಕೇಳುತ್ತಾರೆ. ಶಿಷ್ಯರಿಗೆ ಇದು ವಿಚಿತ್ರ ಅನಿಸಿತು. ಇಷ್ಟು ಜನ ನೂಕುತ್ತಿದ್ದಾರೆ, ಯಾರು ಮುಟ್ಟಿದ್ದು ಅಂದರೆ ಏನು ಹೇಳೋದು? ಶಿಷ್ಯರ ಮಾತು ತಪ್ಪಲ್ಲ. ಹತ್ತಿಪ್ಪತ್ತು ಜನರ ಭುಜ, ಮೊಣಕೈ ಅವರಿಗೆ ತಾಗಿರಬೇಕು. ಆದರೆ ಗುಣವಾದದ್ದು 12 ವರ್ಷದಿಂದ ರಕ್ತಸ್ರಾವದಿಂದ ನರಳಿದ ಒಬ್ಬ ಹೆಂಗಸಿಗೆ. ಧರ್ಮಶಾಸ್ತ್ರದ ಪ್ರಕಾರ ಅವಳು ಮೈಲಿಗೆ, ಅವಳು ಮುಟ್ಟಿದವರೂ ಮೈಲಿಗೆ. ಅದಕ್ಕೇ ಎದುರಿಗೆ ಬರಲಿಲ್ಲ. ಹಿಂದಿನಿಂದ ಬಂದಳು. ಭುಜಕ್ಕೆ ಭುಜ ತಾಗಿಸಿ ನಡೆದವರೆಲ್ಲ ಆವತ್ತು ಮನೆಗೆ ಹೋಗಿ "ನಾನು ಪಕ್ಕದಲ್ಲೇ ಇದ್ದೆ" ಅಂತ ಹೇಳಿಕೊಂಡಿರಬಹುದು. ನಾನಾಗಿದ್ದರೆ ಹೇಳಿಕೊಳ್ಳುತ್ತಿದ್ದೆ.

ಹತ್ತಿರ, ದೂರ ಅನ್ನುವುದನ್ನು ಕಲ್ಲಿನಲ್ಲೇ ಅಳೆದು ಕಟ್ಟಿದ ಜಾಗ ಅಂದರೆ ಯೆರೂಸಲೇಮಿನಲ್ಲಿ ಹೆರೋದ ಮತ್ತೆ ಕಟ್ಟಿಸಿದ ದೇವಾಲಯ. ಹೊರಗೆ ಅನ್ಯಜನರ ಅಂಗಳ. ಅದರ ಒಳಗೆ ಒಂದು ತಡೆಗೋಡೆ. ಯೆಹೂದ್ಯರಲ್ಲದವರು ಇದನ್ನು ದಾಟಿ ಸಿಕ್ಕಿಬಿದ್ದರೆ ಆಮೇಲೆ ಬರುವ ಸಾವಿಗೆ ತಾವೇ ಹೊಣೆ ಅಂತ ಗ್ರೀಕ್ ಭಾಷೆಯಲ್ಲಿ ಕೆತ್ತಿದ ಕಲ್ಲು ಅಲ್ಲಿ ಇತ್ತು. ಅಂಥ ಒಂದು ಇಡೀ ಕಲ್ಲು 1871ರಲ್ಲಿ ಸಿಕ್ಕಿತು, ಈಗ ಇಸ್ತಾಂಬುಲ್ ಮ್ಯೂಸಿಯಮ್ಮಿನಲ್ಲಿದೆ. ಗೋಡೆಯ ಆಚೆ ಹೆಂಗಸರ ಅಂಗಳ, ಅದರ ಮುಂದೆ ಗಂಡಸರದ್ದು, ಆಮೇಲೆ ಯಾಜಕರದ್ದು. ಕೊನೆಗೆ ಪರದೆಯ ಹಿಂದಿನ ಅತಿ ಪವಿತ್ರ ಸ್ಥಳ. ಅಲ್ಲಿಗೆ ಮಹಾಯಾಜಕ ಒಬ್ಬನೇ, ಅದೂ ವರ್ಷಕ್ಕೆ ಒಂದು ದಿನ. ನಮ್ಮ ಮುಂದಿನ ಸಾಲು, ಹಿಂದಿನ ಸಾಲು ಇದರ ಮುಂದೆ ಏನೂ ಅಲ್ಲ.

ಕಾಣಿಕೆ ಪೆಟ್ಟಿಗೆಗಳು ಇದ್ದದ್ದು ಹೆಂಗಸರ ಅಂಗಳದಲ್ಲಿ. ಬಡ ವಿಧವೆ ಎರಡು ಸಣ್ಣ ಕಾಸು ಹಾಕಿದ್ದನ್ನು ಯೇಸು ನೋಡಿದ್ದು ಅಲ್ಲೇ. ಅದಕ್ಕಿಂತ ಒಳಗೆ ಹೋಗುವ ಹಕ್ಕೇ ಅವಳಿಗಿರಲಿಲ್ಲ. ಕೆಲವೇ ದಿನಗಳ ಅಂತರದಲ್ಲಿ, ಬೇಥಾನ್ಯದ ಒಂದು ಮನೆಯಲ್ಲಿ, ಒಬ್ಬ ಹೆಂಗಸು ಜಟಾಮಾಂಸಿ ತೈಲವನ್ನು ಯೇಸುವಿನ ಮೇಲೆ ಸುರಿದಳು. ಸುವಾರ್ತೆ ಬರೆದವರಲ್ಲಿ ಮರಿಯ ಅಂತ ಅವಳ ಹೆಸರು ಹೇಳುವವನು ಯೋಹಾನ. ತೈಲದ ಬೆಲೆ 300 ದಿನಾರಿ. ಒಂದು ದಿನಾರಿ ಅಂದರೆ ಕೂಲಿಯವನ ಒಂದು ದಿನದ ಸಂಬಳ. ವಿಧವೆಯ ಎರಡು ಕಾಸು ಸೇರಿದರೆ ದಿನಾರಿಯ 64ನೇ ಒಂದು ಭಾಗ. ಪ್ಲಾಸ್ಟರ್ ಕೈ ಮಡಿಲಲ್ಲಿ ಇಟ್ಟುಕೊಂಡು ಕೂತಾಗ ಸುಮ್ನೆ ಲೆಕ್ಕ ಹಾಕಿದೆ. ಮರಿಯಳ ತೈಲ ವಿಧವೆಯ ಕಾಣಿಕೆಯ 19,200 ಪಟ್ಟು ಆಯಿತು. ಯೇಸು ಎರಡನ್ನೂ ಮೆಚ್ಚಿಕೊಂಡರು. ಒಬ್ಬಳಿಗೆ ಇಷ್ಟು ಕಡಿಮೆಯಾ ಅಂತ ಕೇಳಲಿಲ್ಲ, ಇನ್ನೊಬ್ಬಳಿಗೆ ಇಷ್ಟು ಯಾಕೆ ಅಂತ ಕೇಳಲಿಲ್ಲ. ಹಾಗೆ ಕೇಳಿದವನು ಯೂದ. ಹಣದ ಚೀಲ ಅವನ ಹತ್ತಿರ ಇತ್ತು. ಹನ್ನೆರಡು ಜನರಲ್ಲಿ ಒಬ್ಬ, ಅದೇ ಊಟದಲ್ಲಿ ಪಾಲು ತೆಗೆದುಕೊಂಡವನು. ಆಮೇಲೆ ತೋಟದಲ್ಲಿ ಹತ್ತಿರ ಬಂದು ಮುತ್ತಿಟ್ಟವನೂ ಅವನೇ. ಮುತ್ತಿಗಿಂತ ಹತ್ತಿರ ಯಾರು ತಾನೇ ಬರಲು ಸಾಧ್ಯ?

ದೇವರನ್ನು ಪಕ್ಕದಲ್ಲಿ ಇಟ್ಟುಕೊಂಡರೆ ಕೆಲಸ ಆಗುತ್ತದೆ ಅನ್ನುವ ನಂಬಿಕೆ ಹಳೆಯದು. ಫಿಲಿಷ್ಟಿಯರ ಜೊತೆ ನಡೆದ ಯುದ್ಧದಲ್ಲಿ ಇಸ್ರಾಯೇಲರ ಸುಮಾರು 4,000 ಜನ ಸತ್ತಾಗ ಹಿರಿಯರು ಒಂದು ಉಪಾಯ ಮಾಡಿದರು. ದೇವರ ಆಜ್ಞೆಯ ಕಲ್ಲು ಹಲಗೆಗಳಿದ್ದ ಪೆಟ್ಟಿಗೆ, ಒಡಂಬಡಿಕೆಯ ಮಂಜೂಷವನ್ನೇ ರಣರಂಗಕ್ಕೆ ತಂದರು. ಅದು ಪಾಳೆಯಕ್ಕೆ ಬಂದಾಗ ಜನ ಭೂಮಿ ನಡುಗುವ ಹಾಗೆ ಆರ್ಭಟಿಸಿದರಂತೆ. ಮುಂದಿನ ಯುದ್ಧದಲ್ಲಿ ಸತ್ತವರ ಲೆಕ್ಕ 30,000. ಮಂಜೂಷವೂ ಶತ್ರುಗಳ ಪಾಲಾಯಿತು. ಪ್ರವಾದಿ ಯೆರೆಮೀಯನ ಕಾಲದಲ್ಲಿ ಜನ "ಇದು ಕರ್ತನ ಆಲಯ" ಅಂತ ಮೂರು ಮೂರು ಸಲ ಹೇಳಿಕೊಂಡು ಧೈರ್ಯವಾಗಿ ಇದ್ದರು, ಕದಿಯುವುದು, ಸುಳ್ಳು ಸಾಕ್ಷಿ ಹೇಳುವುದು ಎಲ್ಲ ನಡೆದೇ ಇತ್ತು. ನಾವು ಬೆಂಚಿನ ಹಿಂದೆ ಮನೆತನದ ಹೆಸರು ಬರೆಸುತ್ತೇವೆ, ಕಮಿಟಿ ಚುನಾವಣೆಗೆ ಮನೆ ಮನೆ ತಿರುಗುತ್ತೇವೆ. ಇದರ ಬಗ್ಗೆ ಜಾಸ್ತಿ ಬರೆದರೆ ಮುಂದಿನ ಭಾನುವಾರ ನನಗೆ ಕಷ್ಟ.

ನನಗೆ ಎಲ್ಲಕ್ಕಿಂತ ಜಾಸ್ತಿ ಚುಚ್ಚಿದ್ದು ಪ್ರವಾದಿ ಆಮೋಸ. ನಿಮ್ಮ ಹಾಡುಗಳ ಗದ್ದಲವನ್ನು ನನ್ನಿಂದ ತೊಲಗಿಸಿ, ನಿಮ್ಮ ವೀಣೆಯ ನಾದವನ್ನು ನಾನು ಕೇಳುವುದಿಲ್ಲ ಅನ್ನುತ್ತಾರೆ ದೇವರು ಆಮೋಸನ ಬಾಯಲ್ಲಿ. ನ್ಯಾಯ ನೀರಿನಂತೆ ಹರಿಯಲಿ ಅನ್ನುವ ಮುಂದಿನ ವಾಕ್ಯವನ್ನು ಎಲ್ಲರೂ ಹೇಳುತ್ತಾರೆ. ಅದಕ್ಕೆ ಮೊದಲಿನದು ಸಂಗೀತದವರಿಗೆ ಬಿದ್ದ ಪೆಟ್ಟು, ಅದನ್ನು ಯಾರೂ ಅಷ್ಟಾಗಿ ಓದುವುದಿಲ್ಲ. ಹಿಪ್ಪೋದ ಬಿಷಪ್ ಆಗಿದ್ದ ಆಗಸ್ಟೀನನಿಗೂ ಈ ಹೆದರಿಕೆ ಇತ್ತು. ಹಾಡಿನ ಅರ್ಥಕ್ಕಿಂತ ಹಾಡುವ ದನಿಗೇ ಮನಸ್ಸು ಹೆಚ್ಚು ಕರಗಿದರೆ ತಾನು ಪಾಪ ಮಾಡಿದ ಹಾಗೆ, ಆಗ ಆ ಹಾಡು ಕೇಳದೇ ಇದ್ದರೆ ಒಳ್ಳೆಯದಿತ್ತು ಅಂತ ಬರೆದುಕೊಂಡಿದ್ದಾನೆ. ಆದರೂ ಚರ್ಚಿನಲ್ಲಿ ಹಾಡು ಬೇಡ ಅಂತ ಅವನು ಹೇಳಲಿಲ್ಲ. ಜೂರಿಕ್‌ನ ಸುಧಾರಕ ಜ್ವಿಂಗ್ಲಿ ಹೇಳಿಬಿಟ್ಟ. ಸ್ವತಃ ಹಲವು ವಾದ್ಯ ಬಲ್ಲವನು ಅವನು. 1520ರ ದಶಕದಲ್ಲಿ ಅಲ್ಲಿನ ಚರ್ಚುಗಳ ಆರ್ಗನ್‌ಗಳು ನಿಂತವು, ಆಮೇಲೆ ಕಿತ್ತೇ ಹಾಕಿದರು. ಅವನ ಬಗ್ಗೆ ನಾನು ಏನೂ ಹೇಳುವುದಿಲ್ಲ. ನನ್ನ ಸಿಟ್ಟು ನಿಮಗೆ ಅರ್ಥವಾಗಬಹುದು.

ಜರ್ಮನಿಯ ಸಂಗೀತಗಾರ ಬಾಖ್ ತನ್ನ ಬೈಬಲಿನ ಅಂಚಿನಲ್ಲಿ ಬರೆದುಕೊಂಡ ಒಂದು ಟಿಪ್ಪಣಿ ಇದೆ. ಸೊಲೊಮೋನನ ದೇವಾಲಯದಲ್ಲಿ ತುತೂರಿಯವರೂ ಹಾಡುಗಾರರೂ ಒಂದೇ ದನಿಯಾದಾಗ ಮೋಡ ಆಲಯವನ್ನು ತುಂಬಿತು ಅನ್ನುವ ಕಡೆ. ಭಕ್ತಿಯ ಸಂಗೀತ ಇರುವಲ್ಲಿ ದೇವರು ತನ್ನ ಕೃಪೆಯೊಂದಿಗೆ ಯಾವಾಗಲೂ ಇರುತ್ತಾನೆ ಅನ್ನುವುದು ಅದರ ಅರ್ಥ. ಈ ಸಾಲನ್ನು ನಾನು ಚೀಟಿಯಲ್ಲಿ ಬರೆದು ಕನ್ನಡಿಯ ಕೆಳಗೆ ಅಂಟಿಸಿ ಇಪ್ಪತ್ತು ವರ್ಷವಾಗಿರಬೇಕು. ಸರ್ಟಿಫಿಕೇಟ್ ಥರ ಓದುತ್ತಿದ್ದೆ. ನುಡಿಸಿದೆ, ದೇವರು ಬಂದರು, ನನ್ನ ಕೆಲಸ ಆಯಿತು. ಒಂಬತ್ತು ವಾರ ಆ ಚೀಟಿಯಿಂದ ದೂರ ಕೂತಾಗ ಅದರ ಮೊದಲ ಪದ ನೆನಪಿಗೆ ಬಂತು. ಭಕ್ತಿಯ.

ನನ್ನ ಮಗನಿಗೆ ಇದನ್ನೆಲ್ಲ ಹೇಳಿದೆ. ಅವನಿಗೆ ಖುಷಿಯೋ ಖುಷಿ. "ನಾನು ಇಷ್ಟು ದಿನ ಹೇಳಿದ್ದು ಅದೇ ಅಲ್ವಾ ಅಮ್ಮ? ಮನಸ್ಸಲ್ಲಿದ್ದರೆ ಸಾಕು, ಚರ್ಚಿಗೆ ಯಾಕೆ ಬರಬೇಕು?" ಅಂದ. ಅವನಿಗೆ ಉತ್ತರ ಕೊಡುವುದಕ್ಕೂ ಈ ಪತ್ರ ಬರೆಯುತ್ತಿದ್ದೇನೆ. ಒಂದು ಭಾನುವಾರ ಕೈ ತುಂಬಾ ನೋಯುತ್ತಿತ್ತು, ಮನೆಯಲ್ಲೇ ಕೂತು ಪ್ರಾರ್ಥನೆ ಮಾಡೋಣ ಅಂದುಕೊಂಡೆ. ಐದು ನಿಮಿಷಕ್ಕೆ ಫೋನ್ ನೋಡಿದೆ. ಹತ್ತು ನಿಮಿಷಕ್ಕೆ ಕಪಾಟು ಜೋಡಿಸಲು ಎದ್ದೆ. ಎಲ್ಲಿ ಕೂತರೂ ಮನಸ್ಸು ಓಡುತ್ತದೆ, ಮನೆಯಲ್ಲಿ ಹಿಡಿದು ನಿಲ್ಲಿಸುವವರು ಯಾರೂ ಇಲ್ಲ. ಹನ್ನಳ ಮನಸ್ಸಿನಲ್ಲೂ ದೇವರಿದ್ದರು. ಆದರೂ ವರ್ಷ ವರ್ಷ ಶೀಲೋವಿಗೆ ಹೋಗುತ್ತಿದ್ದಳು. ಮರಿಯ ತೈಲ ಸುರಿಯದೆ, "ನನ್ನ ಪ್ರೀತಿ ನಿಮಗೆ ಗೊತ್ತಲ್ಲ" ಅಂತ ಮೂಲೆಯಲ್ಲಿ ಕೂತಿದ್ದರೆ ಆ ಮನೆಯಲ್ಲಿ ಪರಿಮಳ ಎಲ್ಲಿಂದ ಬರುತ್ತಿತ್ತು?

ಮಗ ಬಿಡಲಿಲ್ಲ. ಸಮಾರ್ಯದ ಹೆಂಗಸಿನ ಕಥೆ ತೆಗೆದ. ಯೋಹಾನನ 4ನೇ ಅಧ್ಯಾಯ. ಆರಾಧಿಸುವ ಜಾಗ ಈ ಬೆಟ್ಟವೋ ಯೆರೂಸಲೇಮೋ ಅಂತ ಅವಳು ಕೇಳಿದಾಗ, ಎರಡೂ ಅಲ್ಲದ ಕಾಲ ಬರುತ್ತದೆ, ನಿಜವಾಗಿ ಆರಾಧಿಸುವವರು ಆತ್ಮದಲ್ಲೂ ಸತ್ಯದಲ್ಲೂ ಆರಾಧಿಸುತ್ತಾರೆ ಅಂತ ಯೇಸು ಹೇಳಿದರು. ಆಗಲೇ ಅವಳು ಹೇಳಿದ ಆ ಗೆರಿಜೀಮ್ ಬೆಟ್ಟದ ಮೇಲಿನ ಸಮಾರ್ಯದವರ ಆಲಯ ಕೆಡವಿ ನೂರು ವರ್ಷಕ್ಕೂ ಮೇಲಾಗಿತ್ತು. ಕ್ರಿ.ಶ. 70ರಲ್ಲಿ ಯೆರೂಸಲೇಮಿನದ್ದೂ ಬಿತ್ತು. ಸಮಾರ್ಯದವರ ಒಂದು ಸಣ್ಣ ಸಮುದಾಯ ಇವತ್ತಿಗೂ ಅದೇ ಬೆಟ್ಟದ ಮೇಲೆ ಪಸ್ಕ ಹಬ್ಬ ಆಚರಿಸುತ್ತದೆ. ಕಟ್ಟಡ ಇಲ್ಲದೆಯೂ ಜನ ಆರಾಧಿಸಿದ್ದಾರೆ, ಒಪ್ಪುತ್ತೇನೆ. ಆದರೆ ಆ ಹೆಂಗಸು ಮುಂದೆ ಏನು ಮಾಡಿದಳು ಅಂತ ಮಗ ಓದಲಿಲ್ಲ. ಕೊಡ ಅಲ್ಲೇ ಬಿಟ್ಟು ಊರೊಳಗೆ ಓಡಿದಳು. ಜನರನ್ನೆಲ್ಲ ಕರೆದುಕೊಂಡು ಬಂದಳು. ಮನಸ್ಸಿನಲ್ಲಿ ಇಟ್ಟುಕೊಂಡು ಸುಮ್ಮನೆ ಮನೆಗೆ ಹೋಗಲಿಲ್ಲ. ಮಗ ಇದಕ್ಕೆ "ನೋಡೋಣ" ಅಂದ. ಅವನ "ನೋಡೋಣ" ಎಷ್ಟು ವರ್ಷದ್ದು ಅಂತ ನನಗೆ ಗೊತ್ತು.

ಇನ್ನೊಂದು ವಿಷಯ ಬರೆಯಲೋ ಬೇಡವೋ ಅಂತ ಯೋಚಿಸಿ, ಬರೆಯುತ್ತಿದ್ದೇನೆ. ನಮ್ಮ ಗಾಯನ ತಂಡದಲ್ಲಿ ಆಲ್ಟೋ, ಅಂದರೆ ಹೆಂಗಸರ ಕೆಳದನಿ, ಹಾಡುವ ಒಬ್ಬರಿದ್ದಾರೆ. ನನ್ನ ಬೆಂಚಿಗೂ ಅವರು ನಿಲ್ಲುವ ಜಾಗಕ್ಕೂ ನಾಲ್ಕು ಅಡಿ. ಆರು ವರ್ಷದಿಂದ ನಾವು ಮಾತಾಡಿರಲಿಲ್ಲ. ಒಂದು ಅಭ್ಯಾಸದ ದಿನ ಎಲ್ಲರ ಎದುರಿಗೆ "ನೀವು ಹಾಡನ್ನ ಎಳೀತೀರಿ, ನಮಗೆ ಉಸಿರು ಸಾಲಲ್ಲ" ಅಂದಿದ್ದರು. ನಾನು "ಉಸಿರಿದ್ರೂ ನಿಮ್ಮ ಶ್ರುತಿ ಇಳಿಯುತ್ತೆ" ಅಂದೆ. ಅಷ್ಟೇ. ಆಮೇಲೆ ಹಾಡಿನ ನಂಬರ್ ಬಿಟ್ಟರೆ ಬೇರೆ ಮಾತಿಲ್ಲ. ಪ್ರಭುಭೋಜನಕ್ಕೆ ಮೊದಲು ಒಬ್ಬರಿಗೊಬ್ಬರು ಸಮಾಧಾನ ಹೇಳಿ ಕೈ ಕೊಡುವಾಗ ಇಬ್ಬರೂ ಕೈ ಕೊಡುತ್ತಿದ್ದೆವು, ಇಬ್ಬರೂ ಬೇರೆ ಎಲ್ಲೋ ನೋಡುತ್ತಿದ್ದೆವು. ನಾನು ನಗುತ್ತಲೂ ಇದ್ದೆ. ನೋಡುವವರು ಗೆಳತಿಯರು ಅಂದುಕೊಂಡಿರಬೇಕು.

ಕಾಣಿಕೆ ತಂದು ಬಲಿಪೀಠದ ಹತ್ತಿರ ನಿಂತಾಗ ಸಹೋದರನಿಗೆ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಹೋಗು, ಮೊದಲು ಅವನ ಜೊತೆ ಸರಿ ಮಾಡಿಕೊಂಡು ಬಾ ಅನ್ನುತ್ತಾರೆ ಯೇಸು. ಪೀಠದ ಹತ್ತಿರ ಬಂದವನನ್ನೇ ಅವರು ವಾಪಸ್ ಕಳಿಸುತ್ತಾರೆ. ಅಷ್ಟು ಹತ್ತಿರ ನಾನು 34 ವರ್ಷ ಕೂತಿದ್ದೆ, ನನ್ನನ್ನು ಕಳಿಸಲು ಮೆಟ್ಟಿಲು ಜಾರಬೇಕಾಯಿತು.

ಪ್ಲಾಸ್ಟರ್ ಬಿಚ್ಚಿದ ಮೇಲಿನ ಭಾನುವಾರ, ಪಕ್ಕದ ಹಿರಿಯರು "ನಮಗೆ ತಪ್ಪು ಮಾಡಿದವರನ್ನು" ಅಂತ ನಿಂತಾಗ ನಾನೂ ನಿಂತೆ. ನನಗೂ ಒಂದು ಹೆಸರು ಬಂತು. ಕಷ್ಟ ಏನೆಂದರೆ, ಆ ಹೆಸರು ಬಂದಾಗ ನೆನಪಾದದ್ದು ಅವರ ತಪ್ಪಲ್ಲ. ಕೊನೆಯ ಸಾಲಿನಲ್ಲಿ ಇಷ್ಟು ವಾರ ಹಾಡಿದ್ದೆನಲ್ಲ, ಆ ಹುಡುಗನ ವೇಗಕ್ಕೆ ನನ್ನ ಉಸಿರು ಸರಿಯಾಗಿ ಸಾಲುತ್ತಿತ್ತು.

ಆರಾಧನೆ ಮುಗಿದ ಮೇಲೆ ಅವರ ಹತ್ತಿರ ಹೋದೆ. ಪುಸ್ತಕಗಳನ್ನು ಕಪಾಟಿಗೆ ಜೋಡಿಸುತ್ತಿದ್ದರು. "ನಾನು ಹಾಡು ಎಳೀತಿದ್ದದ್ದು ನಿಜ ಕಣ್ರೀ" ಅಂದೆ. ಅವರು ತಿರುಗಲಿಲ್ಲ. ಇನ್ನೂ ನಾಲ್ಕು ಪುಸ್ತಕ ಜೋಡಿಸಿದರು. "ಈಗ ಗೊತ್ತಾಯ್ತಾ?" ಅಂದರು. ಸ್ವಲ್ಪ ಹೊತ್ತಿನ ಮೇಲೆ, "ಕೈ ಹೇಗಿದೆ?" ಅಂದರು. ಬೆರಳು ಬಗ್ಗಿಸಿ ತೋರಿಸಿದೆ. ಅವರ ಶ್ರುತಿಯ ಬಗ್ಗೆ ನಾನೂ ಏನೂ ಹೇಳಲಿಲ್ಲ, ಅವರೂ ಏನೂ ಹೇಳಲಿಲ್ಲ. ಎಲ್ಲ ಸರಿ ಹೋಗಿದೆ ಅಂತ ಬರೆಯಲಾರೆ. ಹೋದ ವಾರ ಅಭ್ಯಾಸಕ್ಕೆ ಬಂದಾಗ ನಮಸ್ಕಾರ ಹೇಳಿದರು, ಮುಖ ನೋಡಿ.

ಈಗ ನಾನು ಮತ್ತೆ ಬೆಂಚಿನ ಮೇಲೆ ಇದ್ದೇನೆ. ಹುಡುಗ ಮತ್ತು ನಾನು ವಾರ ಬಿಟ್ಟು ವಾರ ನುಡಿಸುತ್ತೇವೆ. ಅವನ ಸರದಿ ಬಂದಾಗ ನಾನು ಕೊನೆಯ ಸಾಲಿಗೆ ಹೋಗುತ್ತೇನೆ. ಮುಂದೆ ಬಂದು ಕೂರಲಿ ಅಂದ ಪತ್ರದವರು ದಯವಿಟ್ಟು ತಪ್ಪು ತಿಳಿಯಬಾರದು. ಮುಂದಿನ ಸಾಲು ತುಂಬಿದರೆ ನನಗೂ ಸಂತೋಷವೇ, ಹಾಡು ಚೆನ್ನಾಗಿ ಕೇಳಿಸುತ್ತದೆ. ಆದರೆ ಹಿಂದೆ ಕೂತವರು ಯಾಕೆ ಕೂತಿದ್ದಾರೆ ಅಂತ ಮುಂದಿನಿಂದ ನೋಡಿ ಹೇಳುವುದು ಕಷ್ಟ. ನನ್ನ ಕನ್ನಡಿಯಲ್ಲಂತೂ ಅವರು ಕಾಣುತ್ತಲೇ ಇರಲಿಲ್ಲ.

ಅದಕ್ಕೇ ಕನ್ನಡಿಯನ್ನು ಎರಡು ಬೆರಳಷ್ಟು ಬಾಗಿಲ ಕಡೆ ತಿರುಗಿಸಿದೆ. ಈಗ ಪಾಸ್ಟರ್ ಅರ್ಧ ಕಾಣುತ್ತಾರೆ, ಅವರ ಭುಜದ ಪಕ್ಕದಲ್ಲಿ ಆ ಹಿರಿಯರ ತಲೆ ಕಾಣುತ್ತದೆ. ಅವರು ಆಮೆನ್ ಹೇಳಿ ತಲೆ ಎತ್ತುವವರೆಗೂ ನಾನು ಸ್ವರ ಒತ್ತುವುದಿಲ್ಲ. ಹೋದ ಭಾನುವಾರ ಅವರು ತುಂಬಾ ಹೊತ್ತು ತೆಗೆದುಕೊಂಡರು. ಇಡೀ ಸಭೆ ಎದ್ದು ನಿಂತು ಹಾಡಿಗೆ ಕಾಯುತ್ತಿತ್ತು. ಪಾಸ್ಟರ್ ಎರಡು ಸಲ ಕೆಮ್ಮಿದರು.

ಇತಿ ನಿಮ್ಮ ವಿಶ್ವಾಸಿ,
ಚರ್ಚಿನ ಒಬ್ಬ ಆರ್ಗನ್ ವಾದಕಿ